ಔಟ್‌ಡ್ರೈವ್ ಕಡೆಯಿಂದ ಬೋಟೊಳಗೆ ನೀರು, ಗೇರ್ ಆಯಿಲ್ಲೂ ಬೆಳ್ಳಗಾಗಿದೆ, ಎಲ್ಲಿಂದ ಶುರು ಮಾಡ್ಲಿ?

ತೇಲುಮರ:

ನಮಸ್ಕಾರ ಎಲ್ರಿಗೂ. ನಂದು ಹಳೇ ಸ್ಟರ್ನ್‌ಡ್ರೈವ್ ಬೋಟು (ಇಂಜಿನ್ ಬೋಟೊಳಗೆ, ಪ್ರೊಪೆಲರ್ ಇರೋ ಡ್ರೈವ್ ಅಂದ್ರೆ ಔಟ್‌ಡ್ರೈವ್ ಹಿಂದೆ ಹೊರಗಡೆ), 4.3 ಲೀಟರ್ ವಿ6 ಇಂಜಿನ್, ಮರ್‌ಕ್ರೂಸರ್ ಆಲ್ಫಾ ಒನ್ ಜೆನ್ 2 ಡ್ರೈವ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಹಿಂದಿನ ಓನರ್ ಬೆಲ್ಲೋಸ್ (ಡ್ರೈವ್ ಮತ್ತು ಬೋಟಿನ ನಡುವೆ ಇರೋ ಮಡಿಕೆ ಮಡಿಕೆ ರಬ್ಬರ್ ಕೊಳವೆ) ಯಾವಾಗ ಬದಲಾಯಿಸಿದ್ರು ಅನ್ನೋದಕ್ಕೆ ಬಿಲ್ಲು ಗಿಲ್ಲು ಏನೂ ಇಲ್ಲ, ರಬ್ಬರ್ ನೋಡಿದ್ರೆ ತುಂಬಾ ವರ್ಷದ್ದು ಅನ್ಸುತ್ತೆ.

ವಿಷಯ ಏನಂದ್ರೆ, ಒಂದು ರೌಂಡ್ ಹೋಗಿ ಬಂದ್ರೆ ಬಿಲ್ಜಲ್ಲಿ, ಅಂದ್ರೆ ಬೋಟಿನ ತಳದಲ್ಲಿ, ನೀರು ನಿಂತಿರುತ್ತೆ, ಪಂಪ್ ತಾನಾಗೇ ಆನ್ ಆಗ್ತಿರುತ್ತೆ. ಇಂಜಿನ್ ಹಿಂದೆ ಫ್ಲೈವೀಲ್ ಹೌಸಿಂಗ್ ಕೆಳಗೆ ಒದ್ದೆ ಇರುತ್ತೆ ಆದ್ರೆ ಎಲ್ಲಿಂದ ಬಂತು ಅಂತ ಕೈ ಹಾಕಿ ನೋಡೋಕೂ ಜಾಗ ಇಲ್ಲ. ಸರಿ ಅಂತ ಟ್ರೈಲರ್ ಮೇಲೆ ಇಟ್ಟು, ಮಫ್ (ಡ್ರೈವ್ ನೀರೆಳೆಯೋ ತೂತಿಗೆ ಹಾಕೋ ರಬ್ಬರ್ ಕಪ್ಪು) ಹಾಕಿ ಹೋಸ್ ಬಿಟ್ಟು ಇಂಜಿನ್ ಓಡಿಸಿ ನೋಡ್ದೆ, ಒಂದು ಹನಿ ಬರ್ಲಿಲ್ಲ, ಪೂರ್ತಿ ಒಣಗಿತ್ತು. ಇದರ ಜೊತೆಗೆ ಗೇರ್ ಆಯಿಲ್ ಹಾಲುಹಾಲಾಗಿದೆ, ಗೇರ್ ಆಯಿಲ್ ಮಟ್ಟ ತೋರಿಸೋ ಮಾನಿಟರ್ ಬಾಟ್ಲಿಯಲ್ಲಿ ಲೆವೆಲ್ ಕಮ್ಮಿ ಆಗೋದು ಬಿಟ್ಟು ಸ್ವಲ್ಪ ಮೇಲೇ ಬಂದಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೆ ಹಿಂದಿನಿಂದ ಗರ್‌ರ್ ಅಂತ ಒಂದು ಸೌಂಡು, ನೇರ ಮಾಡಿದ ತಕ್ಷಣ ಹೋಗುತ್ತೆ.

ಕೇಳಿದವರೆಲ್ಲ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಒಬ್ರು ಬೆಲ್ಲೋಸ್ ಕಿಟ್ ತಗೊಂಡು ಎಲ್ಲಾ ಬದಲಾಯಿಸಿ ಅಂತಾರೆ, ಇನ್ನೊಬ್ರು ಟ್ರಾನ್ಸಂ (ಬೋಟಿನ ಹಿಂಬದಿ ಗೋಡೆ) ಕೊಳೆತಿರುತ್ತೆ ಮಾರಿಬಿಡಿ ಅಂತಾರೆ, ಮತ್ತೊಬ್ರು ಸಿಲಿಕೋನ್ ಬಳಿ ಸಾಕು ಅಂತಾರೆ. ಕೇಳಿ ಕೇಳಿ ತಲೆ ಕೆಟ್ಟು ಹೋಗಿದೆ. ಬೋಟೊಳಗೆ ಬರೋ ನೀರು, ಗೇರ್ ಆಯಿಲ್ಲಿಗೆ ಹೋಗಿರೋ ನೀರು ಎರಡೂ ಒಂದೇ ತೂತಿಂದ ಬರ್ತಿದ್ಯಾ? ಯಾವುದನ್ನ ಮೊದಲು ಬಿಚ್ಚಬೇಕು?

ಕೀಲೆಣ್ಣೆ:

ಇನ್ನೂ ಏನನ್ನೂ ಬಿಚ್ಚಬೇಡಿ. ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕೋ ಮುಂಚೆ ಯಾವಾಗ ಬರ್ತಿದೆ ಅಂತ ತಿಳ್ಕೊಳ್ಳಿ, ಅದು ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಮೊದಲು ಒಂದು ಮಾತು. ಬಿಲ್ಜ್ ನೀರು ಮತ್ತು ಗೇರ್ ಆಯಿಲ್ ನೀರು, ಇವೆರಡನ್ನ ಸದ್ಯಕ್ಕೆ ಬೇರೆ ಬೇರೆ ಕೇಸ್ ಅಂತಾನೇ ಇಟ್ಕೊಳ್ಳಿ. ಗೇರ್ ಆಯಿಲ್ ಇರೋ ಕೇಸ್ ಪೂರ್ತಿ ಸೀಲ್ ಆಗಿರೋ ಡಬ್ಬ, ಅದರೊಳಗೆ ಹೋದ ನೀರು ಬೋಟಿಗೆ ಬರೋಕೆ ದಾರಿ ಇಲ್ಲ. ಬೋಟಿಗೆ ನೀರು ಬರೋದು ಟ್ರಾನ್ಸಂನಲ್ಲಿ ಕೊರೆದಿರೋ ಆ ದೊಡ್ಡ ತೂತಿನ ಸುತ್ತಮುತ್ತ ಇರೋ ರಬ್ಬರ್‌ಗಳಿಂದ. ಆ ತೂತಿನ ಬಹುಭಾಗ ನೀರಿನ ಮಟ್ಟದ ಕೆಳಗೇ ಇರುತ್ತೆ ಅನ್ನೋದು ನೆನಪಿರ್ಲಿ, ಬೋಟು ಮುಳುಗದೇ ಇರೋದು ಕೈಯಷ್ಟು ದಪ್ಪ ಇರೋ ರಬ್ಬರ್ ಕೊಳವೆಗಳ ಮೇಲೆ ನಿಂತಿದೆ.

ಈಗ ನಿಮ್ಮ ಮಫ್ ಟೆಸ್ಟ್ ವಿಷ್ಯ. ಎಷ್ಟೋ ಜನ ಇಲ್ಲೇ ದಾರಿ ತಪ್ಪೋದು. ಮಫ್ ಹಾಕಿ ಓಡಿಸಿದ್ರೆ ಟೆಸ್ಟ್ ಆಗೋದು ಕೂಲಿಂಗ್ ನೀರಿನ ದಾರಿ ಮಾತ್ರ. ಆಲ್ಫಾದಲ್ಲಿ ನೀರಿನ ಪಂಪು ಕೆಳಗೆ ಡ್ರೈವಲ್ಲೇ ಇದೆ, ಅಲ್ಲಿಂದ ನೀರು ಪ್ರೆಶರಲ್ಲಿ ಮೇಲೆ ಬಂದು ಬೆಲ್ ಹೌಸಿಂಗ್ (ಡ್ರೈವ್ ಬಂದು ಕೂರೋ ಕವಚ) ದಾಟಿ ಟ್ರಾನ್ಸಂ ಒಳಗಡೆ ಫಿಟ್ಟಿಂಗ್‌ಗೆ, ಅಲ್ಲಿಂದ ಇಂಜಿನ್‌ಗೆ. ಅದರಲ್ಲಿ ಲೀಕ್ ಇದ್ದಿದ್ರೆ ಮಫ್ ಹಾಕಿದಾಗಲೇ ತೊಟ್ಟಿಕ್ತಿತ್ತು. ನಿಮಗೆ ಒಂದು ಹನಿ ಬರ್ಲಿಲ್ಲ ಅಂದ್ರೆ ಒಳಗಿನ ನೀರಿನ ಹೋಸ್, ರೈಸರ್ ಕೆಳಗಿನ ಎಕ್ಸಾಸ್ಟ್ ಹೋಸ್, ಬ್ಲಾಕ್ ಡ್ರೇನ್ ಪ್ಲಗ್ ಇವೆಲ್ಲ ಲಿಸ್ಟಿಂದ ಹೆಚ್ಚುಕಮ್ಮಿ ಹೊರಗೆ ಹೋದ್ವು. ಆದ್ರೆ ಬೆಲ್ಲೋಸ್ ಟೆಸ್ಟ್ ಆಗ್ಲೇ ಇಲ್ಲ. ಟ್ರೈಲರ್ ಮೇಲೆ ಬೆಲ್ಲೋಸ್ ಗಾಳಿಯಲ್ಲಿರುತ್ತೆ, ಅದರಲ್ಲಿ ಬೆರಳು ತೂರೋ ತೂತಿದ್ರೂ ಒಣಗೇ ಇರುತ್ತೆ.

ಮಾಡಬೇಕಾದ್ದು ಇಷ್ಟು. ಬಿಲ್ಜ್ ಪೂರ್ತಿ ಒರೆಸಿ ಒಣಗಿಸಿ, ಸ್ಪಂಜಲ್ಲ, ಬಟ್ಟೆಲೇ ಒರೆಸಿ. ಇಂಜಿನ್ ಕೆಳಗೆ, ಒಳಗಿನ ಟ್ರಾನ್ಸಂ ಪ್ಲೇಟ್ ಕೆಳ ಅಂಚಿನಲ್ಲಿ ಟಿಶ್ಯೂ ಪೇಪರ್ ಅಂಟಿಸಿ ಅಥವಾ ಟಾಲ್ಕಂ ಪೌಡರ್ ಉದುರಿಸಿ, ನೀರು ಹರಿದ ಗೆರೆ ಕಣ್ಣಿಗೆ ಕಟ್ಟೋ ಹಂಗೆ ಕಾಣುತ್ತೆ. ಆಮೇಲೆ ರಾಂಪಲ್ಲಿ ಬೋಟ್ ಇಳಿಸಿ, ಇಂಜಿನ್ ಸ್ಟಾರ್ಟ್ ಮಾಡದೇ, ಡ್ರೈವ್ ಪೂರ್ತಿ ಕೆಳಗೆ ಇಟ್ಟು ಸುಮ್ನೆ ಕಾಯಿರಿ. ಬೋಟಿನ ಹಿಂದಿನ ಡ್ರೇನ್ ಪ್ಲಗ್ ಸರಿಯಾಗಿ ಬಿಗಿದಿದೆ ಅಂತ ನೋಡ್ಕೊಳ್ಳಿ, ನಗಬೇಡಿ, ಔಟ್‌ಡ್ರೈವ್ ಲೀಕ್ ಅಂತ ಬರೋ ಎಷ್ಟೋ ಕೇಸ್ ಆ ಪ್ಲಗ್ ವಾಷರ್‌ನಲ್ಲೇ ಮುಗಿಯುತ್ತೆ. ಸುಮ್ನೆ ನಿಂತಾಗ್ಲೇ ನೀರು ಬಂದ್ರೆ ಶಿಫ್ಟ್ ಕೇಬಲ್ ಬೆಲ್ಲೋಸ್, ಟ್ರಾನ್ಸಂ ಸೀಲ್, ಟ್ರಿಮ್ (ಡ್ರೈವ್ ಎತ್ತಿ ಇಳಿಸೋ ವ್ಯವಸ್ಥೆ) ವೈರ್ ಒಳಗೆ ಬರೋ ಜಾಗ ಇವುಗಳ ಮೇಲೆ ಅನುಮಾನ. ಬರಲಿಲ್ಲ ಅಂದ್ರೆ ಅಲ್ಲಿಗೇ ಬಿಡಬೇಡಿ, ಈಗ ಡ್ರೈವ್ ಮೇಲಕ್ಕೆ ಟ್ರಿಮ್ ಮಾಡಿ, ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಮತ್ತೆ ಕಾಯಿರಿ, ಆಮೇಲೆ ಇನ್ನೊಂದು ಕಡೆ. ಡ್ರೈವ್ ಎತ್ತಿದಾಗ ಯು-ಜಾಯಿಂಟ್ (ಶಾಫ್ಟ್ ಬಾಗೋಕೆ ಇರೋ ಕೀಲು) ಬೆಲ್ಲೋಸಿನ ಕೆಳಗಿನ ಮಡಿಕೆಗಳು ಹಿಗ್ಗುತ್ವೆ. ಕೆಳಗಿದ್ದಾಗ ಮುಚ್ಕೊಂಡಿರೋ ಬಿರುಕು ಆಗ ಬಾಯಿ ಬಿಡುತ್ತೆ. ನೀವು ಪ್ಲೇನಿಂಗಲ್ಲಿ (ವೇಗಕ್ಕೆ ಬೋಟು ನೀರಿನ ಮೇಲೆ ಜಾರೋವಾಗ) ಟ್ರಿಮ್ ಎತ್ತಿ, ತಿರುವು ತಗೊಂಡು ಬಂದ ಮೇಲೆ ಮಾತ್ರ ನೀರು ಕಾಣ್ತಿದೆ ಅಂದ್ರೆ ನನಗೆ ಮೊದಲ ಅನುಮಾನ ಅದರ ಮೇಲೇ.

ಆ ಗರ್‌ರ್ ಸೌಂಡ್ ಗಿಂಬಲ್ ಬೇರಿಂಗ್ (ಶಾಫ್ಟ್ ಟ್ರಾನ್ಸಂ ದಾಟೋ ಜಾಗದ ಬೇರಿಂಗ್) ಇರಬಹುದು, ಯು-ಜಾಯಿಂಟೂ ಇರಬಹುದು. ಬೆಲ್ಲೋಸ್ ಒಳಗೆ ನೀರು ಹೋದ್ರೆ ಮೊದಲು ತುಕ್ಕು ಹಿಡಿಯೋದು ಅವೆರಡೇ. ಕಥೆ ಹೊಂದ್ತಿದೆ, ಆದ್ರೂ ಟೆಸ್ಟ್ ಮಾಡಿ.

ಸ್ಪ್ಯಾನರ್_ರಾಯ:

ಇಷ್ಟೆಲ್ಲ ಪೌಡರ್ ಟಿಶ್ಯೂ ಹಾಕ್ಕೊಂಡು ಪತ್ತೇದಾರಿಕೆ ಮಾಡೋ ಬದಲು ಡ್ರೈವ್ ಇಳಿಸಿ ಎಲ್ಲಾ ರಬ್ಬರ್ ಬದಲಾಯಿಸಿದ್ರೆ ಮುಗೀತಲ್ವಾ ಗುರು. ಬೆಲ್ಲೋಸ್ ವಯಸ್ಸು ಗೊತ್ತಿಲ್ಲ ಅಂತ ಇವರೇ ಹೇಳ್ತಿದ್ದಾರೆ, ವಯಸ್ಸು ಗೊತ್ತಿಲ್ಲದ ಬೆಲ್ಲೋಸ್ ಅಂದ್ರೆ ಕೆಟ್ಟಿರೋ ಬೆಲ್ಲೋಸ್ ಅಂತಾನೇ ಲೆಕ್ಕ. ಯು-ಜಾಯಿಂಟ್ ಬೆಲ್ಲೋಸ್, ಶಿಫ್ಟ್ ಕೇಬಲ್ ಬೆಲ್ಲೋಸ್, ಎಕ್ಸಾಸ್ಟ್ ಬೆಲ್ಲೋಸ್, ನೀರಿನ ಹೋಸ್, ಗಿಂಬಲ್ ಬೇರಿಂಗ್ ಎಲ್ಲಾ ಒಟ್ಟಿಗೆ ಹಾಕಿ. ಕಷ್ಟ ಇರೋದು ಬಿಚ್ಚೋದ್ರಲ್ಲಿ, ಪಾರ್ಟಲ್ಲಿ ಅಲ್ಲ, ಒಂದು ಬದಲಾಯಿಸಿ ಇನ್ನೊಂದು ಬಿಟ್ರೆ ಮುಂದಿನ ಸೀಸನ್ ಮತ್ತೆ ಅದೇ ಹಿಂಜ್ ಪಿನ್ (ಡ್ರೈವ್ ಮೇಲೆ ಕೆಳಗೆ ಆಡೋ ಕೀಲಿನ ಪಿನ್) ಜೊತೆ ಕುಸ್ತಿ.

ಸಿಲಿಕೋನ್ ಬಳಿಯೋಕೆ ಹೇಳಿದವರ ನಂಬರ್ ಡಿಲೀಟ್ ಮಾಡಿ. ಹಿಗ್ಗಿ ಕುಗ್ಗೋ ರಬ್ಬರ್ ಮೇಲೆ ಸಿಲಿಕೋನ್ ನಿಲ್ಲಲ್ಲ, ಮೇಲಾಗಿ ಆಮೇಲೆ ಹೊಸ ಬೆಲ್ಲೋಸ್ ಅಂಟಿಸೋಕೆ ಹೋದಾಗ ಆ ಸಿಲಿಕೋನ್ ಪಾಚಿ ಕೆರೆಯೋದೇ ಒಂದು ದಿನದ ಕೆಲಸ.

ಕೀಲೆಣ್ಣೆ:

ರಾಯರೇ ರಬ್ಬರೆಲ್ಲ ಬದಲಾಯಿಸಬೇಕು ಅನ್ನೋದ್ರಲ್ಲಿ ಜಗಳ ಇಲ್ಲ, ಡ್ರೈವ್ ಇಳಿಸಿದ ಮೇಲೆ ಒಟ್ಟಿಗೇ ಮಾಡ್ಲಿ. ನಾನು ಹೇಳ್ತಿರೋದು ಇಳಿಸೋ ಮುಂಚೆ ನೋಡ್ಕೊಳ್ಳಿ ಅಂತ. ಯಾಕಂದ್ರೆ ಎಲ್ಲಾ ಬದಲಾಯಿಸಿದ ಮೇಲೂ ನೀರು ಬಂತು ಅಂತಿಟ್ಕೊಳ್ಳಿ, ಉದಾಹರಣೆಗೆ ಸ್ಟೀರಿಂಗ್ ಆರ್ಮ್ ಕೂರೋ ಮೇಲಿನ ಸ್ವಿವೆಲ್ ಶಾಫ್ಟ್ ಸೀಲಿಂದ ಬರ್ತಿದ್ರೆ, ಅದಕ್ಕೂ ಬೆಲ್ಲೋಸಿಗೂ ಸಂಬಂಧನೇ ಇಲ್ಲ. ಅದು ಒಳಗಡೆ ಟ್ರಾನ್ಸಂ ಪ್ಲೇಟಿನ ಮೇಲಿನ ಭಾಗದಿಂದ ಇಳಿದು ಕೆಳಗೆ ಬಂದು ಸೇರುತ್ತೆ, ನೋಡಿದವರಿಗೆ ಬೆಲ್ಲೋಸ್ ನೀರು ಅಂತಾನೇ ಕಾಣುತ್ತೆ. ಅದರ ರಿಪೇರಿಗೆ ಎಷ್ಟೋ ಸಲ ಇಂಜಿನ್ನೇ ಹೊರಗೆ ತೆಗೀಬೇಕಾಗುತ್ತೆ. ಅದಕ್ಕೇ ಟಿಶ್ಯೂ ಮೇಲೂ ಅಂಟಿಸಿ, ಕೆಳಗೂ ಅಂಟಿಸಿ, ಮೇಲಿಂದು ಮೊದಲು ಒದ್ದೆ ಆಯ್ತಾ ಕೆಳಗಿಂದಾ ಅಂತ ನೋಡಿ.

ಟ್ರಾನ್ಸಂ ಕೊಳೆತಿದೆ ಅನ್ನೋದಕ್ಕೆ, ಹೊರಗಡೆ ಡ್ರೈವ್ ಸುತ್ತ ಸಣ್ಣ ಸುತ್ತಿಗೆಯ ಪ್ಲಾಸ್ಟಿಕ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಜಾಗದಲ್ಲಿ ಟಕ್ ಟಕ್ ಅನ್ನುತ್ತೆ, ಕೊಳೆತಿರೋ ಕಡೆ ಡಬ್ ಅಂತ ಮಂಕಾಗಿ ಕೇಳುತ್ತೆ. ಡ್ರೈವ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಟ್ರಾನ್ಸಂ ಬಾಗಿದ್ರೆ ಮಾತ್ರ ಹೆದರಿ. ಒಬ್ರು ದೂರದಿಂದ ನೋಡಿ ಹೇಳಿದ್ರು ಅಂತ ಬೋಟ್ ಮಾರೋದು ಬೇಡ.

ಅಲೆ_ಮೇಲೆ_ಅಲೆ:

ಗೇರ್ ಆಯಿಲ್ ಬಗ್ಗೆ ಯಾರೂ ಮಾತಾಡ್ತಿಲ್ಲ, ನಾನು ಹೇಳ್ತೀನಿ, ಯಾಕಂದ್ರೆ ಬಿಲ್ಜ್ ನೀರಿಗೆ ಪಂಪ್ ಇದೆ, ಗೇರ್‌ಕೇಸ್ ನೀರಿಗೆ ಪಂಪ್ ಇಲ್ಲ. ಬೆಳ್ಳಗಾದ ಆಯಿಲ್ಲಲ್ಲಿ ಓಡಿಸ್ತಾ ಇದ್ರೆ ಬೇರಿಂಗ್ ಮೇಲೆ ತುಕ್ಕಿನ ಚುಕ್ಕೆ ಬೀಳುತ್ತೆ, ಆಮೇಲೆ ಪಾರ್ಟು ಸಿಕ್ಕಿದ್ರೂ ಶಿಮ್ (ತೆಳು ತಗಡು) ಹಾಕಿ ಗೇರ್ ಸೆಟ್ ಮಾಡೋ ಜನ ಸಿಗೋದು ಕಷ್ಟ. ಸರಿ ಆಗೋ ತನಕ ಬೋಟ್ ಓಡಿಸಬೇಡಿ. ಚಳಿಗೆ ನೀರು ಹೆಪ್ಪುಗಟ್ಟೋ ಜಾಗದಲ್ಲಿದ್ರಂತೂ ಕೇಸೇ ಬಿರುಕು ಬಿಡಬಹುದು.

ಮೊದಲು ಅದು ನಿಜವಾಗ್ಲೂ ನೀರೇನಾ ಅಂತ ನೋಡಿ. ಈಗಷ್ಟೇ ಓಡಿಸಿ ಬಂದ ಆಯಿಲಲ್ಲಿ ಗಾಳಿ ಗುಳ್ಳೆ ಸೇರಿದ್ರೂ ಮಬ್ಬಾಗಿ ಕಾಣುತ್ತೆ, ಗಾಜಿನ ಬಾಟ್ಲಿಗೆ ತೆಗೆದು ಇಟ್ರೆ ಗುಳ್ಳೆ ಹೋಗಿ ತಿಳಿಯಾಗುತ್ತೆ, ನೀರಾಗಿದ್ರೆ ಮಬ್ಬು ಹಂಗೇ ಉಳಿಯುತ್ತೆ. ಬೋಟು ಸುಮಾರು ದಿನ ನಿಂತಿದ್ರೆ ಇನ್ನೊಂದು ಸುಲಭ ದಾರಿ, ಕೆಳಗಿನ ಡ್ರೇನ್ ಸ್ಕ್ರೂ ನಿಧಾನಕ್ಕೆ ಸಡಿಲ ಮಾಡಿ, ನೀರು ಭಾರ ಇರೋದ್ರಿಂದ ಕೆಳಗೆ ಕೂತಿರುತ್ತೆ, ಆಯಿಲ್ಲಿಗಿಂತ ಮುಂಚೆ ಅದೇ ಬರುತ್ತೆ. ಆದ್ರೆ ನಿಮ್ಮ ಮಾನಿಟರ್ ಬಾಟ್ಲಿಯಲ್ಲಿ ಲೆವೆಲ್ ಮೇಲೆ ಬಂದಿದೆ ಅಂದ್ರಲ್ಲ, ಅದರ ಅರ್ಥ ಒಳಗೆ ಏನೋ ಸೇರ್ಕೊಂಡು ಆಯಿಲ್ನ ಮೇಲಕ್ಕೆ ತಳ್ಳಿದೆ ಅಂತ. ಆಯಿಲ್ ಬಿಸಿಯಾದಾಗ ಸ್ವಲ್ಪ ಏರೋದು ಸಹಜ, ತಣ್ಣಗಾದ ಮೇಲೂ ಮೇಲೇ ಇದ್ರೆ ನೀರೇ.

ಆಯಿಲ್ ಪೂರ್ತಿ ಖಾಲಿ ಮಾಡಿ, ಪ್ರೆಶರ್ ಟೆಸ್ಟ್ ಮಾಡಿ. ಡ್ರೈವ್ ಇಳಿಸೋದು ಹೆಂಗೂ ಇದ್ದೇ ಇದೆ, ಇಳಿಸಿದ ಮೇಲೆ ಸ್ಟ್ಯಾಂಡ್ ಮೇಲಿಟ್ಟು ಮಾಡೋದೇ ಒಳ್ಳೇದು, ಮಾನಿಟರ್ ಬಾಟ್ಲಿಗೆ ಹೋಗೋ ದಾರಿ ಬಂದ್ ಮಾಡ್ಕೊಳ್ಳಿ. ಗೇಜ್ ಇರೋ ಸಣ್ಣ ಕೈಪಂಪಿಗೆ ಸರಿಯಾದ ದಾರದ ಅಡಾಪ್ಟರ್ ಹಾಕಿ ವೆಂಟ್ ಸ್ಕ್ರೂ ಜಾಗಕ್ಕೆ ಕೂರಿಸಿ. ಮೊದಲು 3ರಿಂದ 5 ಪಿಎಸ್‌ಐ (ಪ್ರೆಶರ್ ಅಳತೆ) ಕೊಟ್ಟು ನೋಡಿ, ಸಣ್ಣ ಪ್ರೆಶರಲ್ಲಿ ಸೋರೋ ಸೀಲ್ ದೊಡ್ಡ ಪ್ರೆಶರಲ್ಲಿ ತುಟಿ ಒತ್ಕೊಂಡು ಮುಚ್ಚಿಬಿಡುತ್ತೆ. ಆಮೇಲೆ 10ರಿಂದ 12ಕ್ಕೆ ಏರಿಸಿ, 5 ನಿಮಿಷ ಬಿಡಿ, ಮುಳ್ಳು ಇಳೀಬಾರ್ದು. ಕಂಪ್ರೆಸರ್ ಗಾಳಿ ನೇರ ಕೊಡಬೇಡಿ, ಒಳ್ಳೇ ಸೀಲನ್ನೂ ಹೊರಗೆ ತಳ್ಳಿಬಿಡ್ತೀರಿ. ಪ್ರೆಶರ್ ಇರೋವಾಗ್ಲೇ ಪ್ರಾಪ್ (ಪ್ರೊಪೆಲರ್) ಶಾಫ್ಟ್ ಕೈಯಲ್ಲಿ ತಿರುಗಿಸಿ, ಒತ್ತಿ ಎಳೆದು ನೋಡಿ, ಶಿಫ್ಟ್ ಶಾಫ್ಟ್ ಅಲ್ಲಾಡಿಸಿ, ಇನ್‌ಪುಟ್ ಯೋಕ್ (ಇಂಜಿನ್ ಕಡೆಯಿಂದ ತಿರುಗೋ ಶಾಫ್ಟಿನ ತುದಿ) ತಿರುಗಿಸಿ. ಸುಮ್ನೆ ನಿಂತಿದ್ದಾಗ ಹಿಡ್ಕೊಂಡ ಸೀಲ್ ಶಾಫ್ಟ್ ತಿರುಗಿದಾಗ ಕೈ ಕೊಡುತ್ತೆ. ಎಲ್ಲಾ ಕಡೆ ಸೋಪ್ ನೀರು ಚಿಮುಕಿಸಿ, ಗುಳ್ಳೆ ಬಂದ ಕಡೆ ಮಾರ್ಕ್ ಮಾಡಿ.

ಆಮೇಲೆ ವ್ಯಾಕ್ಯೂಮ್ ಟೆಸ್ಟೂ ಮಾಡಿ, ಇದನ್ನ ತುಂಬಾ ಜನ ಬಿಟ್ಬಿಡ್ತಾರೆ. ಪ್ರಾಪ್ ಶಾಫ್ಟಲ್ಲಿ ಎರಡು ಸೀಲ್ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ವೆ, ಒಂದು ಆಯಿಲ್ ಹೊರಗೆ ಹೋಗದ ಹಂಗೆ, ಇನ್ನೊಂದು ನೀರು ಒಳಗೆ ಬರದ ಹಂಗೆ. ಗಾಳಿ ತುಂಬಿದ್ರೆ ಮೊದಲನೇದು ಟೆಸ್ಟ್ ಆಗುತ್ತೆ, ನೀರು ತಡೆಯೋದು ಸರಿಯಿದ್ಯಾ ಅಂತ ತಿಳಿಯೋದು ಒಳಗಿಂದ ಎಳೆದಾಗ. ಓಡಿ ಬಿಸಿಯಾದ ಡ್ರೈವ್ ತಣ್ಣೀರಲ್ಲಿ ನಿಂತು ತಣ್ಣಗಾಗೋವಾಗ ಒಳಗೆ ಗಾಳಿ ಕುಗ್ಗಿ ಅದೇ ತರ ಎಳೀತದೆ, ನೀರು ಹೋಗೋದು ಹೆಚ್ಚಾಗಿ ಆಗಲೇ. ಎಷ್ಟು ವ್ಯಾಕ್ಯೂಮ್ ಅನ್ನೋದು ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನುಯಲ್ ನೋಡಿ ಮಾಡಿ.

ಪ್ರಾಪ್ ಬಿಚ್ಚಿ ಅದರ ಹಿಂದೆ ಮೀನು ದಾರ ಸುತ್ಕೊಂಡಿದ್ಯಾ ನೋಡೋದು ಮರೀಬೇಡಿ.

ಇನ್ನೊಂದು, ಕೀಲೆಣ್ಣೆಯವರು ಎರಡೂ ಬೇರೆ ಕೇಸ್ ಅಂದ್ರು, ಬಹುತೇಕ ಸರಿ, ಆದ್ರೆ ಒಂದು ಕಡೆ ಎರಡೂ ಸೇರ್ತವೆ. ಯು-ಜಾಯಿಂಟ್ ಬೆಲ್ಲೋಸ್ ಒಳಗೆ ನೀರು ತುಂಬಿದ್ರೆ ಡ್ರೈವಿನ ಇನ್‌ಪುಟ್ ಶಾಫ್ಟ್ ಸೀಲ್ ಆ ನೀರಲ್ಲೇ ಮುಳುಗಿರುತ್ತೆ, ಅದು ಹಳೇದಾಗಿದ್ರೆ ಅಲ್ಲಿಂದ ಗೇರ್‌ಕೇಸಿಗೂ ಹೋಗುತ್ತೆ. ಡ್ರೈವ್ ಇಳಿಸಿದಾಗ ಬೆಲ್ಲೋಸ್ ಒಳಗೆ ಏನು ಸಿಗುತ್ತೆ ಅಂತ ಗಮನಿಸಿ. ಬರೀ ತುಕ್ಕು ನೀರಾ, ಬರೀ ಗೇರ್ ಆಯಿಲ್ಲಾ, ಎರಡೂ ಕಲಸಿದ ಪಾಯಸಾನಾ. ಆಯಿಲ್ ಇದ್ರೆ ಇನ್‌ಪುಟ್ ಸೀಲ್ ಹೋಗಿದೆ.

ತೇಲುಮರ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ವಿವರ ಎಲ್ಲೂ ಸಿಕ್ಕಿರ್ಲಿಲ್ಲ. ಟ್ರಾನ್ಸಂ ತಟ್ಟಿ ನೋಡ್ದೆ, ಎಲ್ಲಾ ಕಡೆ ಗಟ್ಟಿ ಸೌಂಡು, ಸಮಾಧಾನ ಆಯ್ತು.

ರಾಂಪಲ್ಲಿ ಇಳಿಸಿ ಡ್ರೈವ್ ಕೆಳಗೆ ಇಟ್ಟು ಕಾದೆ, ಟಿಶ್ಯೂ ಒಣಗೇ ಇತ್ತು. ಟ್ರಿಮ್ ಎತ್ತಿದೆ, ಸ್ಟೀರಿಂಗ್ ನೇರ ಇದ್ದಾಗ ಏನಿಲ್ಲ. ಬಲಕ್ಕೆ ಪೂರ್ತಿ ತಿರುಗಿಸಿದಾಗಲೂ ಸುಮಾರು ಹೊತ್ತು ಏನೂ ಆಗ್ಲಿಲ್ಲ, ನಾನು ಇದೂ ಅಲ್ಲ ಅಂತ ಎದ್ದೇಳೋ ಹೊತ್ತಿಗೆ ಫ್ಲೈವೀಲ್ ಹೌಸಿಂಗ್ ಕೆಳಗಿನ ಪೇಪರ್ ಮೂಲೆ ಬಣ್ಣ ಬದಲಾಗೋಕೆ ಶುರು ಆಯ್ತು. ಟಾರ್ಚ್ ಬಿಟ್ಟು ನೋಡಿದ್ರೆ ಕಪ್ಲರ್ (ಇಂಜಿನ್‌ಗೆ ಶಾಫ್ಟ್ ಸೇರೋ ಭಾಗ) ಹಿಂದೆ, ಶಾಫ್ಟ್ ಒಳಗೆ ಬರೋ ಜಾಗದಿಂದ ಕಂದು ಬಣ್ಣದ ನೀರು ಒಂದೊಂದೇ ಹನಿ ಇಳೀತಿದೆ. ಮೇಲಿನ ಸ್ಟೀರಿಂಗ್ ಆರ್ಮ್ ಹತ್ರ ಹಾಕಿದ್ದ ಪೇಪರ್ ಒಣಗಿದೆ. ಯಾಕೆ ಅಷ್ಟು ಹೊತ್ತು ತಗೊಂತು ಅಂತ ಮಾತ್ರ ಅರ್ಥ ಆಗ್ಲಿಲ್ಲ.

ಕೀಲೆಣ್ಣೆ:

ಅದೇ ಯು-ಜಾಯಿಂಟ್ ಬೆಲ್ಲೋಸ್. ಹೊತ್ತು ತಗೊಳ್ಳೋದು ಯಾಕಂದ್ರೆ ಮೊದಲು ಬೆಲ್ಲೋಸ್ ಒಳಗೆ ನೀರು ಗಿಂಬಲ್ ಬೇರಿಂಗ್ ಮಟ್ಟದ ತನಕ ತುಂಬಬೇಕು, ಆಮೇಲೆ ಬೇರಿಂಗ್ ಸೀಲ್ ದಾಟಿ ಒಳಗೆ ಬರಬೇಕು. ಕಂದು ಬಣ್ಣ ಬಂದಿರೋದು ಬೇರಿಂಗ್ ತುಕ್ಕಿಂದ. ಇಂಜಿನ್ ಓಡ್ತಿದ್ರೆ ಶಾಫ್ಟ್ ತಿರುಗೋ ಜೋರಿಗೆ ಆ ನೀರು ಚಿಮ್ಮಿ ಫ್ಲೈವೀಲ್ ಹೌಸಿಂಗ್ ಒಳಗೆಲ್ಲ ತುಕ್ಕಿನ ಉಂಗುರ ಬಿದ್ದಿರುತ್ತೆ, ಕನ್ನಡಿ ಹಿಡಿದು ನೋಡಿ.

ಈಗ ಇಳಿಸಿ. ಆಲ್ಫಾ ಆದ್ರಿಂದ ಗೇರ್ ಫಾರ್ವರ್ಡಲ್ಲಿ ಹಾಕಿ ಡ್ರೈವ್ ಎಳೀರಿ, ಬ್ರಾವೋ (ಮರ್‌ಕ್ರೂಸರ್‌ದೇ ಇನ್ನೊಂದು ಡ್ರೈವ್) ಆಗಿದ್ರೆ ನ್ಯೂಟ್ರಲ್. ಫಾರ್ವರ್ಡಲ್ಲಿ ಇಲ್ಲ ಅಂದ್ರೆ ಶಿಫ್ಟ್ ಶಾಫ್ಟ್ ಬಿಡಿಸ್ಕೊಳ್ಳಲ್ಲ, ಜನ ಸುತ್ತಿಗೆ ತಗೊಂಡು ಹೊಡೀತಾರೆ. ಬ್ಯಾಟರಿ ಕನೆಕ್ಷನ್ ತೆಗೆದು ಕೆಲಸ ಮಾಡಿ, ಟ್ರಿಮ್ ಸಿಲಿಂಡರ್ ಬಿಚ್ಚಿದ ಮೇಲೆ ಡ್ರೈವ್ ಹಿಡಿಯೋಕೆ ಏನೂ ಇರಲ್ಲ, ಕೆಳಗೆ ಜಾಕ್ ಇಡದೇ ಬಿಚ್ಚಬೇಡಿ.

ತೇಲುಮರ:

ಇಳಿಸಿದೆ. ಎಳೆದ ತಕ್ಷಣ ಬೆಲ್ಲೋಸಿಂದ ತುಕ್ಕು ನೀರು ಸುರೀತು, ಆಯಿಲ್ ವಾಸನೆ ಇಲ್ಲ, ಬರೀ ನೀರು. ಬೆಲ್ಲೋಸ್ ಹೊರಗಿಂದ ನೋಡಿದ್ರೆ ಚೆನ್ನಾಗೇ ಇದೆ, ಆದ್ರೆ ಬೆರಳಲ್ಲಿ ಮಡಿಕೆ ಬಿಡಿಸಿ ನೋಡಿದಾಗ ಕೆಳಗಿನ ಎರಡನೇ ಮಡಿಕೆಯ ತಳದಲ್ಲಿ ಉಗುರಗಲ ಸೀಳಿದೆ, ಬಿಟ್ರೆ ಮತ್ತೆ ಮುಚ್ಕೊಳ್ಳುತ್ತೆ, ಇದ್ದಿದ್ದೇ ಕಾಣಲ್ಲ. ಗಿಂಬಲ್ ಬೇರಿಂಗ್ ಒಳಗೆ ಬೆರಳು ಹಾಕಿ ತಿರುಗಿಸಿದ್ರೆ ಮರಳು ತುಂಬಿದ ಹಂಗೆ ಗರಗರ. ಯು-ಜಾಯಿಂಟ್ ಎರಡರಲ್ಲಿ ಒಂದು ಬಿಗಿಯಾಗಿದೆ.

ಪ್ರಾಪ್ ಹಿಂದೆ ಮೀನು ದಾರ ಇತ್ತು! ಸುತ್ತಿ ಸುತ್ತಿ ಶಾಫ್ಟಿಗೆ ಬೆಸೆದ ಹಂಗಾಗಿತ್ತು, ಬ್ಲೇಡಲ್ಲಿ ಕುಯ್ದು ತೆಗೆದೆ. ಪ್ರೆಶರ್ ಟೆಸ್ಟಲ್ಲಿ 4 ಪಿಎಸ್‌ಐಗೇ ಶಾಫ್ಟ್ ತಿರುಗಿಸಿದಾಗ ಅಲ್ಲಿಂದ ಗುಳ್ಳೆ. ಇನ್‌ಪುಟ್ ಯೋಕ್, ಶಿಫ್ಟ್ ಶಾಫ್ಟ್, ಮೇಲಿನ ಕವರ್, ಎರಡು ಹೌಸಿಂಗ್ ಸೇರೋ ಜಾಗ ಎಲ್ಲೂ ಇಲ್ಲ. ಅಂದ್ರೆ ಎರಡೂ ಬೇರೆ ಬೇರೆ ಲೀಕೇ.

ಎಕ್ಸಾಸ್ಟ್ ಬೆಲ್ಲೋಸ್ ಕೂಡ ಹರಿದಿದೆ, ಅದರಿಂದಲೂ ನೀರು ಬಂದಿರಬಹುದಾ?

ಅಲೆ_ಮೇಲೆ_ಅಲೆ:

ಎಕ್ಸಾಸ್ಟಿಂದ ಬಂದಿರಲ್ಲ. ಅದು ಹರಿದ್ರೆ ಹೊಗೆ ಪ್ರಾಪ್ ಮೂಲಕ ಹೋಗೋ ಬದಲು ಅಲ್ಲೇ ನೀರಿಗೆ ಹೋಗುತ್ತೆ ಅಷ್ಟೆ, ಒಳಗಿನ ಎಕ್ಸಾಸ್ಟ್ ಪೈಪ್ ನೀರಿನ ಮಟ್ಟಕ್ಕಿಂತ ಮೇಲೆ ಹತ್ತಿ ಹೋಗಿರುತ್ತೆ. ಸೌಂಡ್ ಸ್ವಲ್ಪ ಬದಲಾಗಬಹುದು. ತುಂಬಾ ಜನ ಬೆಲ್ಲೋಸ್ ಬದಲು ಒಂದೇ ತುದಿ ಬಿಗಿದು ಇನ್ನೊಂದು ತುದಿ ಬಿಟ್ಟಿರೋ ಎಕ್ಸಾಸ್ಟ್ ಟ್ಯೂಬ್ ಹಾಕ್ತಾರೆ, ಅದನ್ನ ಹಾಕೋದೂ ಸುಲಭ.

ಪ್ರಾಪ್ ಸೀಲ್ ಬದಲಾಯಿಸೋವಾಗ ಶಾಫ್ಟ್ ಮೇಲೆ ಸೀಲ್ ಕೂರೋ ಜಾಗ ಉಗುರಲ್ಲಿ ಕೆರೆದು ನೋಡಿ. ದಾರ ಗೀರಿ ಗುಂಡಿ ಮಾಡಿದ್ರೆ ಹೊಸ ಸೀಲ್ ಹಾಕಿದ್ರೂ ಅದೇ ಗುಂಡಿಯಲ್ಲಿ ನೀರು ಹೋಗುತ್ತೆ. ಬೇರಿಂಗ್ ಕ್ಯಾರಿಯರ್ ಹೊರಗೆ ಎಳೆದಾಗ ಅದರ ಓ-ರಿಂಗೂ ಹೊಸದು ಹಾಕಿ. ಆಮೇಲೆ ಮತ್ತೆ ಪ್ರೆಶರ್ ಟೆಸ್ಟ್, ಆಯಿಲ್ ತುಂಬೋ ಮುಂಚೆ. ಡ್ರೇನ್ ಮತ್ತು ವೆಂಟ್ ಸ್ಕ್ರೂಗಳ ವಾಷರ್ ಹಳೇದೇ ಹಾಕಬೇಡಿ, ಸೀಲೆಲ್ಲ ಬದಲಾಯಿಸಿ ಕೊನೆಗೆ ಆ ಸಣ್ಣ ವಾಷರ್‌ನಿಂದ ನೀರು ಹೋದ ಡ್ರೈವ್‌ಗಳು ಎಷ್ಟೋ ಇವೆ.

ಆಯಿಲ್ ಕೆಳಗಿಂದ ಮೇಲಕ್ಕೆ ಪಂಪ್ ಮಾಡಿ, ವೆಂಟಿಂದ ಗುಳ್ಳೆ ಇಲ್ಲದೇ ಆಯಿಲ್ ಬರೋ ತನಕ. ಮೊದಲು ವೆಂಟ್ ಮುಚ್ಚಿ, ಆಮೇಲೆ ಪಂಪ್ ತೆಗೆದು ಕೆಳಗಿನದು ಹಾಕಿ.

ಸ್ಪ್ಯಾನರ್_ರಾಯ:

ಕೊನೆಗೂ ನಾನು ಹೇಳಿದ್ದೇ ಎಲ್ಲಾ ಬದಲಾಯಿಸ್ತಿದ್ದೀರಿ, ಟಿಶ್ಯೂ ಖರ್ಚು ಮಾತ್ರ ಎಕ್ಸ್‌ಟ್ರಾ 😄 ಸರಿ ತಮಾಷೆ ಬಿಡಿ, ಆ ಪ್ರಾಪ್ ಸೀಲ್ ನನ್ನ ಲಿಸ್ಟಲ್ಲಿ ಇರ್ಲಿಲ್ಲ ಒಪ್ಕೋತೀನಿ.

ಬೆಲ್ಲೋಸ್ ಹಾಕೋವಾಗ ಕ್ಲೀನಿಂಗೇ ಮುಖ್ಯ. ಗಿಂಬಲ್ ಹೌಸಿಂಗ್ ಮತ್ತು ಬೆಲ್ ಹೌಸಿಂಗ್ ಎರಡರ ಅಂಚಲ್ಲೂ ಹಳೇ ಅಂಟು, ಬಿಳಿ ಅಲ್ಯೂಮಿನಿಯಂ ತುಕ್ಕು ಎಲ್ಲಾ ತಂತಿ ಬ್ರಷಲ್ಲಿ ತೆಗೆದು ಸಾಲ್ವೆಂಟ್ ಹಾಕಿ ಒರೆಸಿ. ಬೆಲ್ಲೋಸ್ ಅಂಟು ಸಿಗುತ್ತೆ, ಅದನ್ನ ಹಚ್ಚಿ ಕೈಗೆ ಅಂಟೋ ಹದಕ್ಕೆ ಬರೋ ತನಕ ಬಿಟ್ಟು ಆಮೇಲೆ ಕೂರಿಸಿ. ಸುಲಭವಾಗಿ ಜಾರ್ಲಿ ಅಂತ ಗ್ರೀಸ್ ಸವರೋರು ಇದ್ದಾರೆ, ಆ ಬೆಲ್ಲೋಸ್ ಯಾವತ್ತೋ ಒಂದು ದಿನ ನೀರಲ್ಲಿದ್ದಾಗ ಅದೇ ತರ ಸುಲಭವಾಗಿ ಜಾರಿ ಹೊರಗೆ ಬರುತ್ತೆ. ಕ್ಲ್ಯಾಂಪ್ ಸ್ಕ್ರೂ ಆಮೇಲೆ ಕೈಗೆ ಸಿಗೋ ದಿಕ್ಕಿಗೆ ಇರ್ಲಿ, ಡ್ರೈವ್ ತಿರುಗಿದಾಗ ಪಕ್ಕದ ಬೆಲ್ಲೋಸ್‌ಗೆ ಉಜ್ಜಬಾರ್ದು.

ಗಿಂಬಲ್ ಬೇರಿಂಗ್ ಸ್ಲೈಡ್ ಹ್ಯಾಮರಲ್ಲಿ ಎಳೀರಿ, ಹೊಸದು ಕೂರಿಸೋವಾಗ ಸುತ್ತ ಇರೋ ಟಾಲರೆನ್ಸ್ ರಿಂಗಿನ ಬಾಯಿ ಗ್ರೀಸ್ ತೂತಿಗೆ ಸರಿಯಾಗಿ ಬರ್ಲಿ, ಇಲ್ಲಾಂದ್ರೆ ಗ್ರೀಸ್ ಗನ್ ಹೊಡೆದಿದ್ದೇ ಬಂತು, ಬೇರಿಂಗಿಗೆ ಹೋಗಲ್ಲ. ಆ ಬಿಗಿ ಯು-ಜಾಯಿಂಟೂ ಹಾಕ್ಬಿಡಿ.

ಆಮೇಲೆ ಇಂಜಿನ್ ಅಲೈನ್‌ಮೆಂಟ್. ಅಲೈನ್‌ಮೆಂಟ್ ಬಾರ್ ಯಾರ ಹತ್ರ ಆದ್ರೂ ಕಡ ತನ್ನಿ. ತುದಿಗೆ ಗ್ರೀಸ್ ಹಚ್ಚಿ ಗಿಂಬಲ್ ಬೇರಿಂಗ್ ಮೂಲಕ ಕಪ್ಲರ್ ಒಳಗೆ ತಳ್ಳಿ, ಎರಡು ಬೆರಳಲ್ಲಿ ಹೋಗಿ ಬರಬೇಕು. ಹೊರಗೆ ತೆಗೆದು ಗ್ರೀಸ್ ಮೇಲೆ ಸ್ಪ್ಲೈನ್ (ಕಪ್ಲರ್ ಒಳಗಿನ ಹಲ್ಲು) ಗುರುತು ನೋಡಿ, ಸುತ್ತ ಸಮ ಇರಬೇಕು. ಮೇಲೆ ಮಾತ್ರ ಅಥವಾ ಕೆಳಗೆ ಮಾತ್ರ ಗಟ್ಟಿಯಾಗಿ ಒತ್ತಿದ್ರೆ ಇಂಜಿನ್ನಿನ ಮುಂದಿನ ಮೌಂಟ್ ಏರಿಸಿ ಇಳಿಸಿ ಸರಿಮಾಡಿ. ಇದನ್ನ ಬಿಟ್ರೆ ಹೊಸ ಬೇರಿಂಗೂ ಬೇಗ ಗರ್‌ರ್ ಅನ್ನುತ್ತೆ, ಕಪ್ಲರ್ ಸ್ಪ್ಲೈನೂ ಸವೆಯುತ್ತೆ.

ತೇಲುಮರ:

ಎಲ್ಲಾ ಜೋಡಿಸಿದೆ. ಪ್ರಾಪ್ ಶಾಫ್ಟಲ್ಲಿ ಗೀರು ಇರ್ಲಿಲ್ಲ, ಅದೃಷ್ಟ. ಹೊಸ ಸೀಲ್ ಹಾಕಿದ ಮೇಲೆ ಪ್ರೆಶರೂ ನಿಂತಿದೆ, ವ್ಯಾಕ್ಯೂಮೂ ನಿಂತಿದೆ. ಅಲೈನ್‌ಮೆಂಟಲ್ಲಿ ಗ್ರೀಸ್ ಗುರುತು ಮೇಲ್ಗಡೆ ಮಾತ್ರ ಬರ್ತಿತ್ತು, ಮೌಂಟ್ ಸ್ವಲ್ಪ ಸ್ವಲ್ಪವೇ ತಿರುಗಿಸಿ ಸಮ ಮಾಡ್ಕೊಂಡೆ, ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹೋಯ್ತು.

ಕೊನೇ ಬಿಗಿತ ಬಾಕಿ ಇದೆ. ಹಿಂಜ್ ಪಿನ್ ಮತ್ತು ಡ್ರೈವ್ ನಟ್ ಟಾರ್ಕ್ ಎಷ್ಟು? ಮತ್ತೆ ಟ್ರೈಲರ್ ಮೇಲೆ ನಿಲ್ಲಿಸೋವಾಗ ಡ್ರೈವ್ ಮೇಲೆ ಇಡಬೇಕಾ ಕೆಳಗಾ?

ಕೀಲೆಣ್ಣೆ:

ಹಿಂಜ್ ಪಿನ್ 95 ಅಡಿ-ಪೌಂಡ್, ಡ್ರೈವ್ ಹಿಡಿಯೋ ಆರು ನಟ್ 50 ಅಡಿ-ಪೌಂಡ್, ಒಂದೇ ಸಲ ಒಂದನ್ನ ಪೂರ್ತಿ ಬಿಗಿಯಬೇಡಿ, ಎದುರುಬದುರು ಹಂತಹಂತವಾಗಿ. ಬೆಲ್ ಹೌಸಿಂಗ್ ಗ್ಯಾಸ್ಕೆಟ್ ಹೊಸದು ತಾನೇ? ಕೂಲಿಂಗ್ ನೀರು ದಾಟೋ ತೂತಿನ ಸೀಲ್ ಅದರ ಜೊತೆಗೇ ಬರುತ್ತೆ, ಅದು ಓರೆಯಾಗಿ ಕೂತ್ರೆ ಇಂಜಿನ್ ಓಡಿದಾಗ ನೀರು ಬೆಲ್ಲೋಸ್ ಒಳಗೇ ಚಿಮ್ಮಬಹುದು, ನೀವು ಹೊಸ ಬೆಲ್ಲೋಸ್ ಸೋರ್ತಿದೆ ಅಂತ ಮತ್ತೆ ಬಿಚ್ತೀರಿ.

ನಿಲ್ಲಿಸೋವಾಗ ಯಾವಾಗ್ಲೂ ಕೆಳಗೆ. ಎತ್ತಿಟ್ರೆ ರಬ್ಬರ್ ಹಿಗ್ಗಿದ ಆಕಾರದಲ್ಲೇ ಗಟ್ಟಿಯಾಗುತ್ತೆ, ನಿಮ್ಮ ಹಳೇ ಬೆಲ್ಲೋಸ್ ಸೀಳಿದ ಜಾಗ ನೋಡಿದ್ರೆ ಅದೇ ಆಗಿರೋ ಹಂಗಿದೆ. ರೋಡಲ್ಲಿ ಎಳ್ಕೊಂಡು ಹೋಗೋವಾಗ ಎತ್ತಿ ಲಾಕ್ ಹಾಕಿ, ಮನೆಗೆ ಬಂದ ಮೇಲೆ ಇಳಿಸಿ.

ಮೊದಲ ಸಲ ನೀರಿಗಿಳಿಸಿದಾಗ ಟ್ರೈಲರ್ ಬಿಡಿಸೋ ಮುಂಚೆ ಅದೇ ಟ್ರಿಮ್ ಎತ್ತಿ ಬಲಕ್ಕೆ ತಿರುಗಿಸೋ ಟೆಸ್ಟ್ ಮತ್ತೆ ಮಾಡಿ, ಹೊಸ ಟಿಶ್ಯೂ ಹಾಕಿ. ಓಡಿಸಿ ಬಂದ ಮೇಲೆ ಮಾನಿಟರ್ ಬಾಟ್ಲಿ ಲೆವೆಲ್ ಸ್ವಲ್ಪ ಇಳಿದ್ರೆ ಹೆದರಬೇಡಿ, ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಹೊರಗೆ ಬಂದಿರುತ್ತೆ, ತಣ್ಣಗಾದ ಮೇಲೆ ಮಾರ್ಕ್ ತನಕ ತುಂಬಿಸಿ. ಆಮೇಲೂ ಇಳೀತಾ ಹೋದ್ರೆ ಇಲ್ಲಿ ಬರೀರಿ.

ತೇಲುಮರ:

ಗ್ಯಾಸ್ಕೆಟ್ ಹೊಸದೇ, ಆದ್ರೆ ನೀವು ಹೇಳಿದ ಮೇಲೆ ಅನುಮಾನ ಬಂತು, ಆ ನೀರಿನ ಸೀಲ್ ನೇರ ಕೂತಿದ್ಯಾ ಅಂತ ನಟ್ ಸಡಿಲ ಮಾಡಿ ನೋಡ್ತೀನಿ, ಆಮೇಲೇ 50ಕ್ಕೆ ಬಿಗಿಯೋದು.